ತಂಬಿಟ್ಟಿನ ಚಿಗರಿ ಗಡಿ ದಾಟಿದ್ದು

ಬೇಟೆಯಾಡಿದ ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಒಯ್ಯುವಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದು ನನಗೆ ಬಾಯಿಪಾಠ. ಜೀವಂತ ಚಿಗರಿಯನ್ನು ನಾನು ಕಂಡದ್ದು ಮಾತ್ರ ಒಂದೇ ಸಲ, ಅದೂ ಓಡುವ ಬಸ್ಸಿನ ಕಿಟಕಿಯಿಂದ. ಬೇಟೆಯನ್ನಂತೂ ಕಂಡೇ ಇಲ್ಲ. ಈ ನಿಯಮಗಳನ್ನು ಕಲಿಸಿದವರು ನನ್ನ ಅತ್ತೆ. ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದಷ್ಟೇ ತಾಳ್ಮೆಯಿಂದ, ಅದೇ ಒಲೆಯ ಮುಂದೆ ಕೂತು ಕಲಿಸಿದರು.

ನಾನು ಬೆಳಗಾವಿಯಲ್ಲಿ ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು. ಜಮಖಂಡಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ ನನಗೆ ಬರುತ್ತಿದ್ದದ್ದು ಕ್ರೋಶಾ ಹಾಕುವುದು, ಜೇಡಿಮಣ್ಣಿನಲ್ಲಿ ಹಣ್ಣು-ಹಕ್ಕಿ ಮಾಡುವುದು, ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಕೈ ಜೋಡಿಸುವುದು. ನಮ್ಮದು ಬೀರಪ್ಪನ ಒಕ್ಕಲು. ಗಂಡನ ಮನೆಯವರು ಹಿಂದೆ ಕುರಿ ಕಾಯ್ದವರು, ಆಮೇಲೆ ಹೊಳೆಯ ನೀರು ಮೇಲೆ ಬಂದು ಹೊಲವೆಲ್ಲ ಕಬ್ಬಾಯಿತು. ಕುರಿಗಳು ಹೋದವು, ದೇವರ ಜಗುಲಿಯ ಮೇಲೆ ಮಡಚಿಟ್ಟ ಒಂದು ಕರಿ ಕಂಬಳಿ ಉಳಿಯಿತು. ಅಂಗಳದಲ್ಲಿ ಒಂದು ಮುಧೋಳ ನಾಯಿಯೂ ಉಳಿಯಿತು. ಓಡಲು ಹುಟ್ಟಿದ ಪ್ರಾಣಿ ಅದು. ನಮ್ಮ ಮನೆಯಲ್ಲಿ ಓಡುವ ಕೆಲಸವಿಲ್ಲದೆ, ಬಿಸಿಲು ಸರಿದ ಹಾಗೆ ತಾನೂ ಸರಿದು ಮಲಗುತ್ತಿತ್ತು.

ಅತ್ತೆಯ ತವರು ಗಡಿಯ ಆಚೆ, ಮಹಾರಾಷ್ಟ್ರದ ಜತ್ತ ತಾಲೂಕಿನ ಒಂದು ಹಳ್ಳಿ. ಮಾತು ಕನ್ನಡವೇ, ದೇವರೂ ಬೀರಪ್ಪನೇ, ಬಸ್ಸಿನ ಬಣ್ಣ ಮಾತ್ರ ಬೇರೆ. ಅಲ್ಲಿ ಅತ್ತೆಯ ಅಣ್ಣ ಇದ್ದರು. ಹಿಂದೆ ಬೀರಪ್ಪನ ಹಬ್ಬ ಮುಗಿದ ಮೇಲೆ ಅವರು ನಾಯಿ ಕಟ್ಟಿಕೊಂಡು ಹೋಗಿ ಹೊಡೆದ ಮೊದಲ ಚಿಗರಿಯಲ್ಲಿ ತಂಗಿಯ ಪಾಲು ಇರುತ್ತಿತ್ತು. ಅದನ್ನು ಅವರೇ ಹೊತ್ತು ತಂದು ಮುಟ್ಟಿಸುತ್ತಿದ್ದರು. ಅದು ಮಾಂಸದ ಮಾತಲ್ಲ, ತವರಿನಲ್ಲಿ ನಿನ್ನ ಜಾಗ ಇನ್ನೂ ಇದೆ ಎಂಬ ಮಾತು.

ಆಮೇಲೆ ಬೇಟೆ ಕೂಡದೆನ್ನುವ ಕಾಯ್ದೆ ಬಂತು. ಕಾಯ್ದೆ ಯಾವಾಗಲೋ ಬಂದಿತ್ತಂತೆ, ನಮ್ಮ ಕಡೆ ಅದು ನಡೆದುಕೊಂಡು ಬರುವಷ್ಟರಲ್ಲಿ ತಡವಾಯಿತು. ಒಂದು ವರ್ಷ ಅಣ್ಣ ಪಾಲು ಹೊತ್ತು ತಂದಾಗ ನನ್ನ ಮಾವ ಹೊಸ್ತಿಲಲ್ಲೇ ಅಡ್ಡ ನಿಂತು, ಕೈಯಲ್ಲೂ ಮುಟ್ಟದೆ, "ಇದನ್ನ ಒಯ್ರಿ. ಇನ್ನ ಮ್ಯಾಲ ತರಬ್ಯಾಡ್ರಿ" ಅಂದುಬಿಟ್ಟರು. ಅಷ್ಟೇ ಮಾತು. ಅವರು ಮಾತು ಕಡಿಮೆಯ ಮನುಷ್ಯ. ಬೀಗರ ಮನೆಯ ಹೊಸ್ತಿಲಿನಿಂದ ಪಾಲು ಹೊಳ್ಳಿ ಬಂತು ಎಂದು ಅಣ್ಣ ಅವತ್ತಿನಿಂದ ಈ ಕಡೆ ಕಾಲಿಡಲಿಲ್ಲ. ಮಾವ ತೀರಿಕೊಂಡಾಗ ಮಾತ್ರ ಮಣ್ಣಿಗೆ ಬಂದರು, ಒಂದು ಗುಟುಕು ನೀರು ಮುಟ್ಟದೆ ಹೋದರು. ಇದೆಲ್ಲ ನಾನು ಆ ಮನೆ ಸೇರುವ ಮುಂಚಿನ ಮಾತು. ಆದರೆ ಅತ್ತೆ ಅದನ್ನು ನಿನ್ನೆಯದೇನೋ ಎಂಬ ಹಾಗೆ ಹೇಳುತ್ತಿದ್ದರು.

ಹೀಗಿರುವಾಗ ನನ್ನ ನಾದಿನಿಯ ಮದುವೆ ಗೊತ್ತಾಯಿತು. ಬನಹಟ್ಟಿಯ ಕಡೆ, ಮಗ್ಗ ಇಟ್ಟುಕೊಂಡ ಒಳ್ಳೆಯ ಮನೆತನ. ಎಲ್ಲ ಸುಸೂತ್ರ. ಆದರೆ ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತರಬೇಕಾದವನು ಸೋದರಮಾವ. ಅವನಿಲ್ಲದೆ ಮಗಳನ್ನು ಹಂದರಕ್ಕೆ ಕಳಿಸುವುದಿಲ್ಲ ಎಂದು ಅತ್ತೆ ಕೂತುಬಿಟ್ಟರು. ನನ್ನ ಗಂಡ ಫೋನು ಮಾಡಿದರು. ಆ ಕಡೆಯಿಂದ ಬಂದದ್ದು ಒಂದೇ ಮಾತು: "ನೋಡೂಣು."

"ನೋಡೂಣು ಅಂದ್ರ ಬರ್ತಾನ ಅಂತ ಅಲ್ಲೇನವ್ವಾ?" ಎಂದು ಗಂಡ ಕೇಳಿದರು.

"ನಮ್ಮಣ್ಣನ ಬಾಯಾಗ ನೋಡೂಣು ಅಂದ್ರ ಬರಂಗಿಲ್ಲ ಅಂತ. ಬರಾಂವ ಇದ್ರ ಬೈತಿದ್ದ," ಅತ್ತೆ ಹೇಳಿದರು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, "ಹೊಳ್ಳಿ ಕಳಿಸಿದ ಪಾಲು ಹೊಳ್ಳಿ ಮುಟ್ಟಿಸಬೇಕು. ಈ ಸಲ ಚಿಗರಿ ನಮ್ಮನ್ಯಾಗಿಂದ ಹೋಗಬೇಕು" ಅಂದರು.

ಗಂಡ ಚಹಾದ ಬಸಿ ಕೆಳಗಿಟ್ಟರು. "ಅವ್ವಾ, ಮದವಿ ಮಾಡೂದ ಬಿಟ್ಟು ಜೇಲಿಗೆ ಹೋಗೂ ವಿಚಾರ ಐತೇನು?"

"ಖರೇ ಚಿಗರಿ ಯಾರ ಅಂದ್ರೋ, ಬಾಡ್ಯಾ? ತಂಬಿಟ್ಟಿಂದು ಮಾಡೂಣು. ಆದ್ರ ಒಯ್ಯೂದು ಮಾತ್ರ ರೀತಿ ಪ್ರಕಾರ ಒಯ್ಯೂದು."

ತಂಬಿಟ್ಟು ಎಂದರೆ ಹುರಿದ ಹಿಟ್ಟಿಗೆ ಬೆಲ್ಲ, ತುಪ್ಪ, ಯಾಲಕ್ಕಿ ಹಾಕಿ ಕಟ್ಟುವ ಸಿಹಿ. ಪಂಚಮಿಗೆ ಎಲ್ಲರ ಮನೆಯಲ್ಲೂ ಉಂಡೆಯಾಗುತ್ತದೆ. ಅದನ್ನು ಕುರಿಮರಿಯಷ್ಟು ದೊಡ್ಡ ಪ್ರಾಣಿಯಾಗಿ ಮಾಡಿದವರು ನಮ್ಮ ಸೀಮೆಯಲ್ಲಿ ಬೇರೆ ಇದ್ದಾರೋ ಇಲ್ಲವೋ ತಿಳಿಯದು. ಪಕ್ಕದ ಮನೆಯ ಅಮ್ಮನವರು ಹಿಟ್ಟು ಹುರಿಯಲು ಬಂದರು. ತೇರದಾಳದ ಜೈನರ ಮನೆಯ ಹೆಣ್ಣುಮಗಳು. ಹುರಿದ ಹಿಟ್ಟಿನ ವಾಸನೆಯಿಂದಲೇ ಹದ ಹೇಳುವವರು. ಹಿಟ್ಟನ್ನೆಲ್ಲ ಹುರಿದು ಕೊಟ್ಟು, ಕೈ ತೊಳೆದುಕೊಂಡು, "ನನ್ನ ಕೆಲಸ ಇಲ್ಲೀತನಕ ನೋಡ್ರಿ ಅಕ್ಕಾರ. ಹಿಟ್ಟಿಂದಾದ್ರೂ ಪ್ರಾಣಿ ಮಾಡಿ ಕಡಕೊಂಡು ತಿನ್ನೂದಕ್ಕ ನಾ ಕೈ ಹಚ್ಚಂಗಿಲ್ಲ" ಎಂದರು.

"ಹಚ್ಚಬ್ಯಾಡ್ರಿ. ನೀವು ಹುರದ ಹಿಟ್ಟ ಅಷ್ಟ ಪುಣ್ಯ ಕಟಗೊಂಡೈತಿ," ಅತ್ತೆ ನಕ್ಕು, ಒಂದು ಹಿಡಿ ಹಿಟ್ಟನ್ನು ಉಂಡೆಯಾಗಿಯೇ ಕಟ್ಟಿ ಅವರ ಸೆರಗಿಗೆ ಹಾಕಿದರು.

ಮುಖ ಮಾಡುವ ಕೆಲಸ ನನ್ನದಾಯಿತು. ಕಾನ್ವೆಂಟಿನ ಜೇಡಿಮಣ್ಣಿನ ವಿದ್ಯೆ ಅಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂದದ್ದು ಆವತ್ತೇ. ಕಾಲುಗಳ ಒಳಗೆ ಕಬ್ಬಿನ ತುಂಡು ಇಟ್ಟು ಹಿಟ್ಟು ಮೆತ್ತಿದೆ. ಬೆನ್ನಿಗೆ ಗುರೆಳ್ಳಿನ ಕರಿ ಪುಡಿ, ಹೊಟ್ಟೆಗೆ ಬಿಳಿ ಕೊಬ್ಬರಿ ತುರಿ. ಗಂಡು ಚಿಗರಿ ಹಾಗೆಯೇ ಇರುತ್ತದಂತೆ, ಮೇಲೆ ಕಪ್ಪು, ಕೆಳಗೆ ಬಿಳುಪು. ಕಣ್ಣಿಗೆ ಉಜ್ಜಿ ಹೊಳಪು ಮಾಡಿದ ಹುಣಸೆ ಬೀಜ. ಅತ್ತೆ ಮಣೆಯ ಮೇಲೆ ಕೂತು ತಿದ್ದುತ್ತಿದ್ದರು.

"ಆಡಿನ ಮಾರಿ ಆತಿದು. ಮೂಗು ಸಣ್ಣ ಮಾಡು... ಈಗ ಕತ್ತಿಮರಿ ಆತು. ಕಿವಿ ಗಿಡ್ಡ ಮಾಡು ಮಗಳ."

ನಾದಿನಿ ಬಾಗಿಲಿಗೆ ಒರಗಿ ನಗುತ್ತಿದ್ದಳು. "ವೈನಿ, ನಿಮ್ಮ ಸಾಲಿ ಸಿಸ್ಟರ್ ಒಬ್ರ ಫೋಟೋ ತೋರಿಸಿದ್ರೆಲ್ಲಾ, ಅವರ್‍ನ ಕಂಡಂಗ ಕಾಣಾಕತ್ತೈತಿ ನೋಡ್ರಿ."

ನೋಡಿದೆ. ಹೌದು, ನಮ್ಮ ಹೊಲಿಗೆ ಕಲಿಸುವ ಸಿಸ್ಟರ್ ಕನ್ನಡಕ ತೆಗೆದಾಗ ಹೀಗೆಯೇ ಕಾಣುತ್ತಿದ್ದರು. ಆ ಮುಖವನ್ನು ತಿದ್ದಲು ಮನಸ್ಸು ಬರಲಿಲ್ಲ. ಹಾಗೆಯೇ ಬಿಟ್ಟೆ.

ಕೋಡು ಮಾತ್ರ ಬಗೆಹರಿಯಲಿಲ್ಲ. ಗಂಡು ಚಿಗರಿಯ ಕೋಡು ತಿರುಚಿಕೊಂಡು ಮೇಲೇರುತ್ತದೆ. ಹಿಟ್ಟು ನಾದಿ, ಹೊಸೆದು, ಎಣ್ಣೆಯಲ್ಲಿ ಕರಿದೆ. ಮುರಿದವು. ಮತ್ತೆ ಕರಿದೆ. ಮುರಿದದ್ದನ್ನು ನಾದಿನಿ ಚಹಾದಲ್ಲಿ ಅದ್ದಿಕೊಂಡು ತಿಂದಳು. ಅತ್ತೆ ಎದ್ದು ದೇವರ ಜಗುಲಿಯ ಹಿಂದಿನಿಂದ ಹಳದಿ ಬಟ್ಟೆಯ ಗಂಟೊಂದನ್ನು ತಂದರು. ಬಿಚ್ಚಿದರೆ ನಿಜವಾದ ಎರಡು ಕೋಡು. ಮನೆಯ ಹಿರಿಯರ ಕಾಲದವು, ಭಂಡಾರದ ಅರಿಶಿನ ಹಚ್ಚಿ ಹಚ್ಚಿ ತಿರುಚಿನ ಸಂದುಗಳೆಲ್ಲ ಹಳದಿಯಾಗಿದ್ದವು. ಅವನ್ನು ತಂಬಿಟ್ಟಿನ ತಲೆಗೆ ಒತ್ತಿದ ಗಳಿಗೆಯಲ್ಲಿ ಅದು ಚಿಗರಿಯಾಗಿಬಿಟ್ಟಿತು. ನಾಯಿ ಎದ್ದು ನಿಂತಿತು. ನಾವೆಲ್ಲ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು. ಜಗುಲಿಯ ಮೇಲಿನ ವಸ್ತುವಿಗೂ ಸರಕಾರದ ಕಾಯ್ದೆಗೂ ಏನಾದರೂ ಸಂಬಂಧ ಇದ್ದೀತು ಎಂದು ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಜೀಪಿನ ಹಿಂದಿನ ಸೀಟು ತೆಗೆದು, ಹಲಗೆಯ ಮೇಲೆ ಜೋಳದ ಕಣಕಿ ಹಾಸಿ ಚಿಗರಿಯನ್ನು ಮಲಗಿಸಿದೆವು. ಅತ್ತೆ ಬಾಯಿಪಾಠ ಒಪ್ಪಿಸಿದರು. ಹೊರಟ ಊರಿನ ಕಡೆ ಕಾಲು, ಮುಟ್ಟುವ ಊರಿನ ಕಡೆ ತಲೆ. ಮೈಮೇಲೆ ಕಂಬಳಿ, ಮುಖ ಮಾತ್ರ ತೆರೆದಿರಬೇಕು. ಬಾಯಲ್ಲಿ ಹಸಿರು ಗರಿಕೆ. ನಾಯಿ ಜೊತೆಗಿರಬೇಕು. ಹೊರಟ ಮೇಲೆ ಗಡಿ ಬರುವವರೆಗೆ ನೆಲಕ್ಕಿಳಿಸಬಾರದು, ಗಡಿಯಲ್ಲಿ ಒಂದು ಸಲ ಇಳಿಸಿ ಹೊಳೆಯ ನೀರು ಚಿಮುಕಿಸಬೇಕು. ಕೊನೆಯದು ಎಲ್ಲಕ್ಕಿಂತ ದೊಡ್ಡದು.

"ಹಾದ್ಯಾಗ ಯಾರರೆ ಏನದು ಅಂತ ಕೇಳಿದ್ರ ಇದ್ದದ್ದು ಇದ್ದಂಗ ಹೇಳಬೇಕು. ಸುಳ್ಳ ಹೇಳಿದ್ರ ಪಾಲು ಕೆಡತೈತಿ. ಕೇಳಿದವರಿಗೆ ಹಿಂದಿನ ತೊಡ್ಯಾಗಿಂದ ಒಂದು ತುಂಡು ಕೊಡಬೇಕು."

"ಎಷ್ಟ ಮಂದಿ ಕೇಳಿದ್ರೂ?" ಗಂಡ ಕೇಳಿದರು.

"ಎಷ್ಟ ಮಂದಿ ಕೇಳಿದ್ರೂ."

ಕೃಷ್ಣೆಯ ಸೇತುವೆಯ ಮೇಲೆ ಜೀಪು ನಿಂತಿತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಅಡ್ಡವಾಗಿತ್ತು. ಕೆಳಗೆ ತುಂಬಿದ ಹೊಳೆ, ದಡದಲ್ಲಿ ಬಟ್ಟೆ ಒಗೆಯುವ ಸಪ್ಪಳ. ನಾನು ದಡಕ್ಕಿಳಿದು ಬಾಟಲಿಗೆ ನೀರು ತುಂಬಿಕೊಂಡು ಬರುವಷ್ಟರಲ್ಲಿ ಟ್ರ್ಯಾಕ್ಟರಿನವನು ಇಣುಕಿ ನೋಡಿ "ಏನ್ರಿ ಅದು?" ಎಂದು ಕೇಳಿಯಾಗಿತ್ತು, ಅತ್ತೆ "ಚಿಗರಿ" ಎಂದು ಹೇಳಿಯಾಗಿತ್ತು, ಅವನು ತಿನ್ನುತ್ತಲೂ ಇದ್ದ. ಅವನು ತಿನ್ನುವುದನ್ನು ನೋಡಿ ಬಟ್ಟೆ ಒಗೆಯುವವರೂ ಮೇಲೆ ಹತ್ತಿ ಬಂದು ಕೇಳಿದರು. ಸಾವಳಗಿಯಲ್ಲಿ ಚಹಾ ಕುಡಿಯಲು ನಿಂತದ್ದು ದೊಡ್ಡ ತಪ್ಪಾಯಿತು. ಅಂಗಡಿಯ ಮುಂದಿನ ಬೆಂಚಿನವರೆಲ್ಲ ಸಾಲಾಗಿ ಬಂದು ಒಬ್ಬೊಬ್ಬರಾಗಿ ಮರ್ಯಾದೆಯಿಂದ "ಏನದು?" ಎಂದು ಕೇಳಿದರು. ಒಬ್ಬ ಮುದುಕ ಎರಡು ಸಲ ಕೇಳಿದ.

"ಅಜ್ಜಾ, ನಿನಗ ಆಗಲೇ ಕೊಟ್ಟೇವಲ್ಲ?" ಎಂದು ಗಂಡ ಹೇಳಿದರೆ, "ಕಣ್ಣ ಮಂಜೋ ಯಪ್ಪಾ, ಇನ್ನೂ ಸರಿ ಕಾಣವೊಲ್ಲದು" ಎಂದು ಕೈ ಚಾಚಿದ.

ಊರು ಬಿಡುವಷ್ಟರಲ್ಲಿ ಒಂದು ಹಿಂಗಾಲು ಪೂರ್ತಿ ಹೋಗಿತ್ತು. "ಹಿಂಗ ಆದ್ರ ಮಾವನ ಮನೀಗಿ ಬರೇ ಮೂಗ ಮುಟ್ಟತೈತಿ," ಗಂಡ ಗೊಣಗಿದರು. ಅತ್ತೆಯ ಮುಖ ಮಾತ್ರ ಅರಳಿತ್ತು. ಅಷ್ಟು ಜನ ಕೇಳಿದರೆ ಪಾಲಿಗೆ ತೂಕ ಹೆಚ್ಚಂತೆ.

ಗಡಿಯ ಹತ್ತಿರ ತಪಾಸಣೆಯ ನಾಕಾದಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಕೈ ಅಡ್ಡ ಹಿಡಿದರು. ನಡುವಯಸ್ಸಿನವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಜೀಪು, ಒಳಗೆ ಬೇಟೆ ನಾಯಿ, ಕಂಬಳಿಯ ಕೆಳಗಿನಿಂದ ಒಂದು ಕಾಲು. ಅವರ ಜಾಗದಲ್ಲಿ ನಾನಿದ್ದರೂ ನಿಲ್ಲಿಸುತ್ತಿದ್ದೆ.

"ಹಿಂದ ಏನೈತ್ರಿ?"

ನನ್ನ ಗಂಡ ಬಾಯಿ ತೆರೆಯುವ ಮುಂಚೆ ಅತ್ತೆ ಹೇಳಿದರು. "ಚಿಗರಿ."

ಗಂಡ ಸ್ಟೇರಿಂಗಿಗೆ ಹಣೆ ಹಚ್ಚಿದರು. ಗಾರ್ಡ್ ಸೀಟಿ ಬಾಯಿಗಿಟ್ಟುಕೊಂಡೇ ಕಂಬಳಿ ಎತ್ತಿದರು. ಬೆನ್ನನ್ನು ಬೆರಳಿನಿಂದ ಒತ್ತಿ, ಬೆರಳನ್ನು ಮೂಸಿ, ಆ ಕಡೆ ಈ ಕಡೆ ನೋಡಿ, ನಾಲಿಗೆಗೆ ಹಚ್ಚಿಕೊಂಡರು. ಸೀಟಿ ಕೆಳಗೆ ಬಿತ್ತು.

"ತಂಬಿಟ್ಟಲ್ಲರೀ ಇದು!"

"ಹೌದ್ರಿ, ತಂಬಿಟ್ಟಿನ ಚಿಗರಿ," ಎಂದು ನಾನು ಬೇಗ ಬೇಗ ಎಲ್ಲ ಹೇಳಿದೆ. ಮದುವೆ, ಸೋದರಮಾವ, ಪಾಲು. ಅವರು ನಗುತ್ತ ಕೇಳಿಸಿಕೊಂಡರು. ನಗುತ್ತಲೇ ಕೋಡಿನ ಮೇಲೆ ಕೈಯಾಡಿಸಿದರು. ಉಗುರಿನಿಂದ ತಟ್ಟಿದರು. ಟಕ್ ಎಂದಿತು. ನಗು ನಿಂತಿತು.

"ಇವು?"

ಸುಳ್ಳು ಹೇಳಿದರೆ ಪಾಲು ಕೆಡುತ್ತದೆ. ಅತ್ತೆ ನೇರವಾಗಿ ಅವರ ಮುಖ ನೋಡಿ, "ಅವು ಖರೇವ" ಅಂದರು.

ಗಾರ್ಡ್ ಕನ್ನಡಕ ತೆಗೆದು ಒರೆಸಿಕೊಂಡರು. ಬೈಯಲಿಲ್ಲ, ಅದಕ್ಕೇ ಇನ್ನೂ ಭಯವಾಯಿತು. "ಅವ್ವಾರ, ಹಿಟ್ಟು ನಿಮ್ದು. ಅದಕ್ಕ ನನ್ನ ತಕರಾರಿಲ್ಲ. ಕೋಡಿಗೆ ಐತಿ."

"ನಮ್ಮ ಅತ್ತಿ ಮಾವನ ಕಾಲದವು ಅವು. ಬೀರಪ್ಪನ ಮುಂದ ಇಟ್ಟಾವು."

"ಯಾರ ಕಾಲದವಾದ್ರೂ ಅಷ್ಟ. ಕೋಡು, ತೊಗಲು, ಉಗುರು, ಏನ ಇದ್ರೂ ಕಾಗದ ಇಲ್ಲದ ಮನ್ಯಾಗ ಇಟಗೊಳ್ಳೂದ ತಪ್ಪು. ರಾಜ್ಯ ದಾಟಿಸೂದು ಅದಕ್ಕಿಂತ ದೊಡ್ಡ ತಪ್ಪು. ಚಿಗರಿ ಸತ್ತು ನೂರ ವರ್ಷ ಆಗಿದ್ರೂ ಕಾಯ್ದೆಗೆ ಅದು ಇವತ್ತಿನ ಚಿಗರಿನ."

ನಾನು ಕೆಳಗಿಳಿದು, "ಸರ್, ನಮಗ ತಿಳೀಲಿಲ್ರಿ. ಈಗ ಏನ ಮಾಡಬೇಕು, ನೀವ ಹೇಳ್ರಿ. ಹಂಗ ಮಾಡ್ತೀವಿ" ಎಂದು ಕೈ ಜೋಡಿಸಿದೆ. ಅವರು ಗುಡಿಸಲಿನೊಳಗೆ ಹೋಗಿ ಸಾಹೇಬರಿಗೆ ಫೋನು ಮಾಡಿದರು. ಫೋನಿನಲ್ಲಿ "ಇಲ್ರಿ ಸರ್, ಹಿಟ್ಟಿಂದ್ರಿ ಸರ್... ಹೌದ್ರಿ, ತಿನ್ನೂದ್ರಿ... ರುಚಿ ಐತ್ರಿ ಸರ್" ಎಂಬುದು ನಮಗೆಲ್ಲ ಕೇಳಿಸಿತು. ಹೊರಗೆ ಬಂದು ಹೇಳಿದರು: ಕೋಡುಗಳನ್ನು ನಾವಾಗಿಯೇ ಇಲಾಖೆಗೆ ಒಪ್ಪಿಸಿದೆವು ಎಂದು ಬರೆದುಕೊಡಬೇಕು, ಕರೆದಾಗ ಆಫೀಸಿಗೆ ಹೋಗಿ ಸಾಹೇಬರ ಮುಂದೆ ಹೇಳಿಕೆ ಕೊಡಬೇಕು. ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಎಡಕ್ಕೆ ಅಂಚು ಬಿಟ್ಟು, ಸಿಸ್ಟರುಗಳು ಕಲಿಸಿದ ಗುಂಡಗಿನ ಅಕ್ಷರದಲ್ಲಿ ನಾನು ಬರೆದೆ. ಬಿಸಿ ಬಾನೆಟ್ಟಿಗೆ ಕೈ ಸುಡುತ್ತಿತ್ತು.

ಅತ್ತೆ ಕೋಡನ್ನು ಗಾರ್ಡಿನ ಕೈಯಿಂದ ಕೀಳಿಸಲಿಲ್ಲ. ತಾವೇ ಹತ್ತಿ ಕೂತು, ಹಲ್ಲು ಬಿದ್ದ ಮಗುವಿನ ಬಾಯಿ ಹಿಡಿದ ಹಾಗೆ ಚಿಗರಿಯ ಗದ್ದ ಹಿಡಿದು, ತಿರುಗಿಸಿ ತಿರುಗಿಸಿ ತೆಗೆದರು. ಹಳದಿ ಬಟ್ಟೆಯಲ್ಲಿ ಸುತ್ತಿ ಅವರ ಕೈಗಿಟ್ಟು, "ಹಾದ್ಯಾಗ ಕೇಳಿದವರಿಗೆ ಪಾಲು ಕೊಡೂದು ನಮ್ಮ ರೀತಿ. ನೀವು ಇದನ್ನ ಕೇಳಿದ್ರಿ, ತಗೋರಿ. ನೆಲದ ಮ್ಯಾಲ ಇಡಬ್ಯಾಡ್ರಿ" ಅಂದರು. ಆಮೇಲೆ ತೊಡೆಯಿಂದ ಒಂದು ದೊಡ್ಡ ತುಂಡು ಮುರಿದು ಚಾಚಿದರು.

"ಡ್ಯೂಟಿ ಮ್ಯಾಲ ನಾ ಏನೂ ತಗೊಳ್ಳಂಗಿಲ್ರಿ."

"ಏನೈತಿ ಅಂತ ನೀವ ಕೇಳಿದ್ರಲ್ಲ. ಈಗ ತಗೊಳ್ಳಂಗಿಲ್ಲ ಅಂದ್ರ ನಮ್ಮ ಪಾಲು ಕೆಡತೈತಿ. ಅದಕ್ಕ ಯಾ ಕಾಯ್ದೆ ಐತಿ ಹೇಳ್ರಿ."

ಗಾರ್ಡ್ ನನ್ನ ಕಡೆ ನೋಡಿದರು, ನನ್ನ ಗಂಡನ ಕಡೆ ನೋಡಿದರು, ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು. ತುಂಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅಲ್ಲಿಯೇ ನಿಂತು ತಿಂದರು. ನಾವೆಲ್ಲ ಇದರಲ್ಲಿ ಮುಳುಗಿದ್ದಾಗ ನಾಯಿ ಚಿಗರಿಯ ಬಾಲ ತಿಂದು ಮುಗಿಸಿ, ಏನೂ ಅರಿಯದ ಹಾಗೆ ಕೂತಿತ್ತು.

ಗಡಿಯ ಕಲ್ಲಿನ ಹತ್ತಿರ ಹಲಗೆಯನ್ನು ಇಳಿಸಿ ನೀರು ಚಿಮುಕಿಸಿದೆವು. ಅಲ್ಲಿಂದ ಮುಂದೆ ಅತ್ತೆ ಚಿಗರಿಯ ತಲೆಯ ಮೇಲಿನ ಎರಡು ತೂತುಗಳನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದರು. ಯಾಕೆ ಎಂದು ಕೇಳಿದಾಗ ಹೇಳಿದರು: ಕೋಡಿಲ್ಲದ್ದು ಹೆಣ್ಣು ಚಿಗರಿ. ಹೆಣ್ಣನ್ನು ಹೊಡೆಯುವ ರೀತಿ ಅವರ ತವರಿನಲ್ಲಿ ಇಲ್ಲ. ಹೊಡೆದವನ ಪಾಲನ್ನು ಅಣ್ಣ ಮುಟ್ಟುವುದಿಲ್ಲ.

"ಕಬ್ಬಿನ ಸುಳಿ ಚುಚ್ಚೂಣೇನವ್ವಾ? ದೂರಿಂದ ಕೋಡ ಕಂಡಂಗ ಕಾಣತಾವು," ಗಂಡ ಅಂದರು.

"ಸುಳ್ಳ ಕೋಡು ಹೊತ್ತ ಚಿಗರಿ ತಗೊಂಡು ನಾ ತವರಮನಿಗೆ ಹೋಗಂಗಿಲ್ಲ. ನೀ ಗಾಡಿ ಹೊಡಿ."

ಅಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದರು. ದೊಡ್ಡ ರುಮಾಲು, ಬಿಳಿ ಮೀಸೆ. ಜೀಪು ನಿಂತರೂ ಕೈಯ ಕೆಲಸ ನಿಲ್ಲಲಿಲ್ಲ. ಮನೆಯ ಮಂದಿಯೆಲ್ಲ ಹೊರಗೆ ಬಂದು ಅವರ ಹಿಂದೆ ನಿಂತರು. ಹಲಗೆಯನ್ನು ಕಟ್ಟೆಯ ಮೇಲೆ ಇಟ್ಟೆವು. ಅತ್ತೆ ಕಂಬಳಿ ಸರಿಸಿ, "ಯಣ್ಣಾ, ಪಾಲು ತಂದೀನಿ" ಅಂದರು. ದನಿ ಸಣ್ಣಗಾಗಿತ್ತು.

ಅವರು ನೂಲು ಕೆಳಗಿಟ್ಟು ನೋಡಲು ತೊಡಗಿದರು. ಹೇಗೆ ನೋಡಿದರೆಂದರೆ, ನಮ್ಮ ಶಾಲೆಗೆ ಬರುತ್ತಿದ್ದ ಇನ್ಸ್‌ಪೆಕ್ಟರೂ ಹಾಗೆ ನೋಡಿರಲಿಲ್ಲ. ಕಾಲು ಯಾವ ಕಡೆ, ತಲೆ ಯಾವ ಕಡೆ. ಬಾಯಲ್ಲಿ ಗರಿಕೆ. ಕಂಬಳಿಯ ಅಂಚಿನಲ್ಲಿ ನೀರಿನ ಹನಿ. ಒಂದೊಂದಕ್ಕೂ ತಲೆ ಸಣ್ಣಗೆ ಆಡುತ್ತಿತ್ತು. ಆಮೇಲೆ ಕೈ ತಲೆಯ ಮೇಲೆ ಬಂತು, ತೂತಿನಲ್ಲಿ ನಿಂತಿತು.

"ಕೋಡೆಲ್ಲಿ?"

"ನಾಕಾದಾಗ ತಗೊಂಡ್ರು. ಖರೇ ಕೋಡ ಇದ್ದುವು. ದಾಟಿಸಂಗಿಲ್ಲಂತ."

"ಹಂಗಾದ್ರ ಇದು ಹೆಣ್ಣ ಆತು." ಅವರು ಕೈ ಹಿಂದೆಗೆದರು. "ಹೆಣ್ಣ ಚಿಗರಿ ಹೊಡದು ತಂದೇನವ್ವಾ ತಂಗಿ? ಎಲ್ಲಾ ನೆನಪ ಇಟ್ಟಿ, ಇದೊಂದ ಮರ್‍ತೆನು?"

ಅತ್ತೆ ನೇರವಾಗಿ ಅಣ್ಣನನ್ನು ನೋಡಿ, "ಹೊಡದಿಲ್ಲ ಯಣ್ಣಾ. ಇದು ಬ್ಯಾಟಿ ಅಲ್ಲ. ನಿನ್ನನ್ನ ಮದವಿಗೆ ಕರಿಯಾಕ ತಾನ ನಡಕೋತ ಬಂದೈತಿ" ಅಂದರು.

"ನಡಕೋತ ಬಂದದ್ದು ಹಿಂಗ್ಯಾಕ ಮಲಗೈತಿ?"

ಹಿರಿಯರ ಮುಂದೆ ಎಂದೂ ಬಾಯಿ ಬಿಡದ ನಾನು, ಹೇಗೆ ಬಂತೋ, "ದಣದೈತ್ರಿ ಮಾವಾರ. ಜಮಖಂಡಿಯಿಂದ ನಡದೈತ್ರಿ" ಅಂದುಬಿಟ್ಟೆ.

ಹಿಂದೆ ನಿಂತ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಮೀಸೆಯ ಕೆಳಗೆ ಏನೋ ಅಲುಗಿತು. "ಹಂಗೇನು? ಹಂಗಾದ್ರ ಎಬ್ಬಸ್ರಿ ನೋಡೂಣು."

ನಾನೂ ಗಂಡನೂ ಎರಡು ಕಡೆ ಹಿಡಿದು ಚಿಗರಿಯನ್ನು ಎತ್ತಿ ನಿಲ್ಲಿಸಿದೆವು. ಅದು ಹಿಂದಕ್ಕೆ ವಾಲಿತು.

"ಕಾಲೊಂದು ಎಲ್ಲಿ?"

"ಸಾವಳಗ್ಯಾಗ ಹೋತ್ರಿ ಮಾವಾ," ಗಂಡ ಹೇಳಿದರು. "ಮಂದಿ ಕೇಳಿದ್ರು."

"ಬಾಲ?"

"ನಾಯಿ ತಿಂತು."

"ಕೋಡು ಸರಕಾರಕ್ಕ, ಕಾಲು ಸಾವಳಗಿಗೆ, ಬಾಲ ನಾಯಿಗೆ. ನನಗೇನ ಉಳಿಸೀರಲೇ?" ಎನ್ನುತ್ತ ಅವರು ನಗು ತಡೆಯಲಾರದೆ ಕೆಮ್ಮಿದರು. ಅಷ್ಟರಲ್ಲಿ ಚಿಗರಿ ಇನ್ನಷ್ಟು ವಾಲಿತು. ಬೀಳುವ ಮರಿಯನ್ನು ಹಿಡಿಯುವುದು ಕುರುಬನ ಕೈಗೆ ಕಲಿಸಬೇಕಾಗಿಲ್ಲ. ತಟ್ಟನೆ ಎರಡೂ ಕೈ ಚಾಚಿ ಹೊಟ್ಟೆಯ ಕೆಳಗೆ ಹಿಡಿದರು. ಹಿಡಿದ ಏಟಿಗೆ ಅದು ನಡುವೆ ಬಿರಿದು, ಮುಂದಿನ ಅರ್ಧ, ತಲೆ ಸಮೇತ, ಅವರ ತೋಳಿನಲ್ಲಿ ಉಳಿಯಿತು.

"ಹಾಂ! ಕೈಯಾಗ ತಗೊಂಡಿ!" ಅತ್ತೆ ಚಿಕ್ಕ ಹುಡುಗಿಯ ಹಾಗೆ ಕೂಗಿದರು. "ಎಲ್ಲಾರೂ ನೋಡ್ರಿ, ಕೈಯಾಗ ತಗೊಂಡಾನ! ಕೈಗೆ ಮುಟ್ಟಿದ ಪಾಲು ಹೊಳ್ಳಿ ಕೊಡಾಕ ಬರಂಗಿಲ್ಲ!"

ಅಣ್ಣ ತೋಳಿನಲ್ಲಿದ್ದ ಮುಖವನ್ನು ನೋಡಿದರು. ಹೊಲಿಗೆ ಕಲಿಸುವ ನಮ್ಮ ಸಿಸ್ಟರ್ ಆ ಮುಖದಿಂದ ಅವರನ್ನು ಶಾಂತವಾಗಿ ನೋಡಿದರು. ಆಮೇಲೆ ಅವರು ನಕ್ಕರು ನೋಡಿ, ರುಮಾಲು ಜಾರುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ. "ಮೋಸ ಮಾಡಿದೆಲ್ಲ ತಂಗೆವ್ವಾ! ಖರೇನ ಮೋಸ ಮಾಡಿದಿ!" ಇಡೀ ಅಂಗಳ ನಕ್ಕಿತು. ನಾಯಿ ಉಳಿದ ಅರ್ಧದ ಸುತ್ತ ಕುಣಿಯಿತು.

ನಗು ಇಳಿದ ಮೇಲೆ ಅವರು ದನಿ ತಗ್ಗಿಸಿ ಕೇಳಿದರು. "ಆವತ್ತ ನಿನ್ನ ಗಂಡಗೂ ನಾಕಾದವರ ಅಂಜಿಕಿ ಇತ್ತೇನು?"

"ತನಗ ಏನ ಅಂಜಿಕಿ? ಹೊತ್ತ ತರಾಂವ ನೀ ಇದ್ದಿ. ನಿನ್ನ ಹಿಡದ ಒಯ್ತಾರ ಅಂತ ಆಂವಗ ಜೀವ ಹೋಗತಿತ್ತು."

"ಅದನ್ನ ಬಾಯಿ ಬಿಟ್ಟ ಹೇಳಬಾರದಾಗಿತ್ತೇನು?"

"ಆಂವ ಬಾಯಿ ಬಿಟ್ಟದ್ದರೆ ಯಾವಾಗ ಯಣ್ಣಾ? ನನ್ನ ಹೆಸರ ಹಿಡದ ಕರದದ್ದೂ ನಾ ಕೇಳಿಲ್ಲ."

ಅಣ್ಣ ಚಿಗರಿಯ ಒಂದು ಕಿವಿ ಮುರಿದು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. "ಯಾಲಕ್ಕಿ ಹೆಚ್ಚಾಗೇತಿ," ಅಂದರು. ಅತ್ತೆ ನನ್ನ ಕೈ ಹಿಚುಕಿದರು. ಬೈಗುಳ ಶುರುವಾಗಿತ್ತು.

ಆಮೇಲೆ ಅದು ನಿಲ್ಲಲಿಲ್ಲ. ಮದುವೆಗೆ ಇನ್ನೂ ಬೇಕಾದಷ್ಟು ದಿನವಿದ್ದರೂ ಅಣ್ಣ ಎರಡೇ ದಿನಕ್ಕೆ ಬಸ್ಸಿಳಿದು ಬಂದರು. "ಹಂದರದ ಗಳ ನೆಡಾಕ ನಿನ್ನ ಮಗಗ ಬರತೈತೇನು?" ಎಂದು ಅಂಗಳದಲ್ಲಿ ನಿಂತೇ ಕೇಳಿದರು. ನೆಟ್ಟ ಗಳವನ್ನು ಕೀಳಿಸಿ ಮತ್ತೆ ನೆಡಿಸಿದರು. ನನ್ನ ಚಹಾ ನೀರು ಎಂದರು, ಮೂರು ಸಲ ಕೇಳಿ ಕುಡಿದರು. ಬನಹಟ್ಟಿಯ ಬೀಗರು ತಂದ ಸೀರೆಯ ಸೆರಗನ್ನು ತಿರುವಿ ನೂಲು ಎಣಿಸಿ, "ಛಲೋ ಐತಿ" ಎಂದರು. ಆ ಮಾತು ಕೇಳಿ ಬೀಗರೇ ಹೆದರಿದರು, ಅಷ್ಟು ಹೊತ್ತಿಗೆ ಅವರ ಬೈಗುಳ ಎಲ್ಲರಿಗೂ ರೂಢಿಯಾಗಿತ್ತು.

ಅಕ್ಕಿಕಾಳು ಹಾಕುವ ಹೊತ್ತಿಗೆ ಅವರು ನಾದಿನಿಯ ಕೈಹಿಡಿದು ಒಳಗಿನಿಂದ ಹೊರಟರು. ನಡುಮನೆ ದಾಟಿ, ಹೊಸ್ತಿಲು ದಾಟಿ, ಅಂಗಳಕ್ಕೆ. ಮುದುಕರ ನಡಿಗೆ, ಅದರಲ್ಲೂ ಬೇಕೆಂದೇ ನಿಧಾನ. ಹಂದರದಿಂದ "ಮುಹೂರ್ತ ಮೀರತೈತಿ, ಲಗೂ ಬರ್‍ರಿ" ಎಂದು ಕೂಗಿದರು. ಅವರು ನಿಂತು, ರುಮಾಲು ಸರಿಮಾಡಿಕೊಂಡು, "ಮೀರಲಿ ತಡೀರಿ. ಇಷ್ಟ ವರ್ಷದ ಮ್ಯಾಲ ಈ ಅಂಗಳದಾಗ ನಡ್ಯಾಕತ್ತೇನಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಬಾಸಿಂಗದ ಕೆಳಗೆ ನಾದಿನಿ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಹಂದರದ ಕಂಬಕ್ಕೆ ಒರಗಿ ನಿಂತಿದ್ದ ಅತ್ತೆ, ಮಗಳನ್ನಲ್ಲ, ಅಣ್ಣನ ಕಾಲುಗಳನ್ನೇ ನೋಡುತ್ತಿದ್ದರು.